ಕೆಂಪಿಗೆ ಹೊಲಿದ ಸೀಟು

ಹೋದ ವಾರ ಎರಡು ದಿನ ಬಿಡದೆ ಮಳೆ ಹಿಡಿಯಿತು. ತಾರಸಿಯ ಮೂಲೆಯಲ್ಲಿ ಬಿದ್ದಿದ್ದ ಹಳೇ ಸೋಫಾದ ದಿಂಬೊಂದು ನೆಂದು, ಹೊಲಿಗೆ ಬಿಟ್ಟು, ಒಳಗಿನ ತೆಂಗಿನ ನಾರು ಹೊರಗೆ ಬಂದಿತ್ತು. ಬಟ್ಟೆ ಒಣಗಿಸಲು ಹೋದವಳ ಮೂಗಿಗೆ ಆ ಒದ್ದೆ ನಾರಿನ ವಾಸನೆ ಬಡಿಯಿತು. ಬಕೆಟ್ಟು ಕೆಳಗಿಟ್ಟು ಹಾಗೇ ನಿಂತುಬಿಟ್ಟೆ. ಐವತ್ತು ವರ್ಷದ ಹಿಂದೆ ಇದೇ ವಾಸನೆ ನನ್ನ ಕೈಗೆ ವಾರಗಟ್ಟಲೆ ಅಂಟಿಕೊಂಡಿತ್ತು. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮ ಪಕ್ಕದ ಮನೆಯ ಲಾರಿಯಣ್ಣ, ಮತ್ತು ಅವರ ಎರಡು ನಾಯಿಗಳು...

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ದಾವಣಗೆರೆ ಕಡೆಯಿಂದ ರಾಜಾಜಿನಗರಕ್ಕೆ ಬಂದು ಆರು ತಿಂಗಳೂ ಆಗಿರಲಿಲ್ಲ. ಯಜಮಾನರು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದಲ್ಲಿದ್ದರು. ಮನೆಯಲ್ಲಿ ನಾನು, ನಮ್ಮ ಅತ್ತೆ, ತವರಿನಿಂದ ಬಂದ ಒಂದು ಹೊಲಿಗೆ ಮೆಷಿನ್ನು. ಅತ್ತೆ ಮಾತು ಕಡಿಮೆ. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ, ಆಮೇಲೆ ಮನೆಯಲ್ಲಿ ಯಾವ ಪಾತ್ರೆ ಎಲ್ಲಿರಬೇಕೋ ಅಲ್ಲಿದೆಯೋ ಇಲ್ಲವೋ ನೋಡುತ್ತಿದ್ದರು. ನನಗೆ ಅವರೆದುರು ಜೋರಾಗಿ ಉಸಿರಾಡುವುದಕ್ಕೂ ಅಂಜಿಕೆ.

ಪಕ್ಕದ ಮನೆಯವರು ಮಾಗಡಿ ರಸ್ತೆಯ ಒಂದು ಸಾಮಿಲ್ಲಿಗೆ ಲಾರಿ ಓಡಿಸುತ್ತಿದ್ದರು. ಹುಣಸೂರು ಕಡೆಯಿಂದ ಮರದ ದಿಮ್ಮಿ ತರುವ ಕೆಲಸ. ಐವತ್ತರ ಹತ್ತಿರದ ವಯಸ್ಸು, ಸಣಕಲು ಮೈ, ಕಿವಿಯ ಮೇಲೆಲ್ಲ ಬಿಳಿ ಕೂದಲು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತಂತೆ, ಮಕ್ಕಳಿರಲಿಲ್ಲ. ಬೀದಿಯಲ್ಲಿ ಎಲ್ಲರಿಗೂ ಅವರು ಲಾರಿಯಣ್ಣ. ನನ್ನನ್ನು ‘ಅಮ್ಮಣ್ಣಿ’ ಅನ್ನುತ್ತಿದ್ದರು. ಮೊದಲ ದಿನದಿಂದಲೂ ಹಾಗೇ ಕರೆದರು, ನಾನು ಅವರ ಕಣ್ಣೆದುರೇ ಬೆಳೆದ ಹುಡುಗಿಯೇನೋ ಅನ್ನುವ ಹಾಗೆ.

ಅವರ ಬಳಿ ಎರಡು ನಾಯಿಗಳು. ಕೆಂಪಿ ಅನ್ನುವ ಕಂದು ಬಣ್ಣದ ಹೆಣ್ಣು ನಾಯಿ, ಅದರ ಮಗ ಸಿದ್ದ. ಎರಡೂ ಬೀದಿಯಲ್ಲೇ ಹುಟ್ಟಿದವು, ಜಾತಿ ಗೀತಿ ಏನೂ ಇಲ್ಲ. ಮೊದಲೆಲ್ಲ ಕೆಂಪಿಯನ್ನು ಲಾರಿಯ ಹಿಂದೆ, ಲೋಡಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರಂತೆ. ಒಂದು ಸಲ ರಾಮನಗರದ ಹತ್ತಿರ ತಿರುವಿನಲ್ಲಿ ಕೆಂಪಿ ಕೆಳಗೆ ಬಿತ್ತು. ಹಿಂಗಾಲು ಮುರಿಯಿತು. ಕೂಡಿಕೊಂಡ ಮೇಲೂ ಕುಂಟು ಹೋಗಲಿಲ್ಲ. ಅವತ್ತಿನಿಂದ ನಾಯಿಗಳನ್ನು ಮನೆಯಲ್ಲೇ ಬಿಟ್ಟು ಹೋಗತೊಡಗಿದರು. ಹೋಗುವಾಗ ನನ್ನ ಹತ್ತಿರ ಬಂದು, “ಅಮ್ಮಣ್ಣಿ, ಒಂದೊಂದು ಮುದ್ದೆ ಹಾಕಿರಿ, ಸಾಕು” ಅನ್ನುತ್ತಿದ್ದರು. ನಾನು ಹಾಕುತ್ತಿದ್ದೆ. ಅವು ಮೂಸಿಯೂ ನೋಡುತ್ತಿರಲಿಲ್ಲ. ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಮಲಗಿದರೆ ಮೂರು ದಿನ, ನಾಲ್ಕು ದಿನ ಹಾಗೇ. ನನಗೂ ಆ ದಿನಗಳಲ್ಲಿ ಊಟ ಸೇರುತ್ತಿರಲಿಲ್ಲ. ತವರಿನ ನೆನಪಾಗಿ ತಟ್ಟೆ ಹಾಗೇ ಸರಿಸುತ್ತಿದ್ದೆ. ಅವುಗಳ ಮುಂದೆ ಕೂತು, “ತಿನ್ನೇ, ಸುಮ್ನೆ ತಿನ್ನೇ” ಅಂತ ಗದರುವಾಗ ಯಾರನ್ನು ಗದರುತ್ತಿದ್ದೇನೋ ನನಗೇ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಒಂದು ದಿನ ನಾಯಿ ಹಿಡಿಯುವ ವ್ಯಾನು ನಮ್ಮ ಬೀದಿಗೆ ಬಂತು. ಲಾರಿಯಣ್ಣ ಊರಲ್ಲಿರಲಿಲ್ಲ. ಪುಣ್ಯಕ್ಕೆ ಕೆಂಪಿಯೂ ಸಿದ್ದನೂ ನಮ್ಮ ಹಿತ್ತಲ ಕಡೆ ಇದ್ದವು, ನಾನು ಬಾಗಿಲು ಹಾಕಿದೆ. ಎದುರು ಸಾಲಿನ ಎರಡು ನಾಯಿ ಹೋದವು. ಲಾರಿಯಣ್ಣ ತಿರುಗಿ ಬಂದ ಮೇಲೆ ಇದನ್ನು ಹೇಳಿದೆ. ಅವರು ಮೆಟ್ಟಿಲ ಮೇಲೆ ಕೂತು ಕೆಂಪಿಯ ತಲೆ ಸವರಿದರು.

“ಇನ್ಮೇಲೆ ಬಿಟ್ ಹೋಗಲ್ಲ ಅಮ್ಮಣ್ಣಿ. ಲಾರೀಲಿ ನನ್ನ ಹಿಂದಿನ ಸೀಟಲ್ಲೇ ಕೂರಿಸ್ಕೊಂಡು ಹೋಗ್ತೀನಿ. ಆದ್ರೆ ಅವು ಬೀಳಬಾರ್ದು, ನೋಯಬಾರ್ದು. ನಿಮ್ ಮೆಷಿನ್ ಇದ್ಯಲ್ಲ... ನೀವು ಸ್ವಲ್ಪ ಕೈ ಜೋಡಿಸ್ತೀರಾ?”

ಹಿಂದಿನ ಸೀಟು ಅಂದರೆ ಡ್ರೈವರ್ ಸೀಟಿನ ಹಿಂದಿನ ಒಂದು ಉದ್ದ ಹಲಗೆ. ದಾರಿಯಲ್ಲಿ ಬೆನ್ನು ಚಾಚಲು ಇಟ್ಟಿದ್ದು. ಅತ್ತೆ ಒಪ್ಪುತ್ತಾರೆಂದು ನನಗೆ ಅನಿಸಿರಲಿಲ್ಲ. ಕೇಳಿದಾಗ ಅವರು, “ಮಷಿನ್ನು ಹಿತ್ತಲಾಗೆ ಇಟ್ಕಂಡು ಹೊಲಿ. ನಾಯಿ ಕೂದಲು ಒಳಗೆ ಬರಬಾರ್ದು” ಅಂದರು. ಅಷ್ಟೇ.

ಮೊದಲನೇ ಸೀಟು ನಾವು ಮಾಡಿದ್ದು ಚೆಂದಕ್ಕೆ. ಲಾರಿಯಣ್ಣ ಎಲ್ಲಿಂದಲೋ ಕೆಂಪು ರೆಕ್ಸಿನ್ ತಂದರು. ಒಳಗೆ ನಾರು ತುಂಬಿ, ಅಂಚಿಗೆ ಪಟ್ಟಿ ಕೊಟ್ಟು, ಬಸ್ಸಿನ ಸೀಟಿನ ಹಾಗೆ ಹೊಲಿದೆ. ದಪ್ಪ ರೆಕ್ಸಿನ್ನಿಗೆ ಮೂರು ಸೂಜಿ ಮುರಿದವು. ಹಲಗೆಯ ಮೇಲೆ ಹಾಕಿದಾಗ ನನಗೇ ಹೆಮ್ಮೆಯಾಯಿತು. ಆದರೆ ಲಾರಿಯಣ್ಣನಿಗೆ ಸಮಾಧಾನವಿಲ್ಲ. ತಲೆ ಕೆರೆದುಕೊಂಡು ನಿಂತರು.

“ನಾಯಿಗೆ ಬಾಯಿಲ್ಲ ಅಮ್ಮಣ್ಣಿ. ಎಲ್ಲಿ ಒತ್ತುತ್ತೆ, ಎಲ್ಲಿ ಜಾರುತ್ತೆ ಅಂತ ಅದು ಹೇಳಲ್ಲ. ನಾನೇ ನೋಡೋಣ ಅಂದ್ರೆ, ಸ್ಟೇರಿಂಗ್ ಬಿಟ್ಟು ಹಿಂದೆ ಕೂರಕ್ಕಾಗಲ್ಲ. ನೀವು ಒಂದ್ಸಲ ಅಲ್ಲಿ ಕೂತು ಹೇಳಿದ್ರೆ...”

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಇದು ಕೇಳಿಸಿತು. “ನಮ್ಮ ಸೊಸಿನ್ನ ನಾಯಿ ಜಾಗದಾಗೆ ಕುಂದರ್ಸಿ ಊರು ಸುತ್ತಿಸ್ತೀಯೇನಪ್ಪ?”

ಲಾರಿಯಣ್ಣ ತಲೆ ತಗ್ಗಿಸಿದರು. “ತಪ್ಪಾಯ್ತು ಅಮ್ಮಾವ್ರೆ.”

ಅತ್ತೆ ಒಳಗೆ ಹೋದರು. ಕತೆ ಮುಗಿಯಿತು ಅಂದುಕೊಂಡೆ. ಐದು ನಿಮಿಷದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿ ಹೊರಗೆ ಬಂದರು. “ನಡಿ, ನಾನೂ ಬರ್ತೀನಿ. ಒಬ್ಬಾಕಿನ್ನ ಕಳ್ಸಕಾಗಲ್ಲ.”

ಹಾಗೆ ನಾವು ಮೂವರು ಒಂದು ಮಧ್ಯಾಹ್ನ ಖಾಲಿ ಲಾರಿಯಲ್ಲಿ ಹೊರಟೆವು. ಅತ್ತೆ ಮುಂದೆ, ಡ್ರೈವರ್ ಪಕ್ಕದಲ್ಲಿ, ದೇವರ ಪಲ್ಲಕ್ಕಿಯಲ್ಲಿ ಕೂತವರ ಹಾಗೆ ನೆಟ್ಟಗೆ. ನಾನು ಹಿಂದೆ, ಕೆಂಪು ರೆಕ್ಸಿನ್ನಿನ ಮೇಲೆ. ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆ ದಾಟಿ ಹೆಗ್ಗನಹಳ್ಳಿ ಕಡೆಗೆ ತಿರುಗಿದೆವು. ಆಗ ಅಲ್ಲೆಲ್ಲ ರಾಗಿ ಹೊಲ, ಮಣ್ಣಿನ ದಾರಿ. ಎಂಜಿನ್ನಿನ ಶಾಖ ಹಲಗೆಯ ಅಡಿಯಿಂದ ಏರಿ ರೆಕ್ಸಿನ್ ಕಾವಲಿಯಾಯಿತು. ಹಳ್ಳ ಬಂದಾಗಲೆಲ್ಲ ನಾನು ಒಂದು ತುದಿಯಿಂದ ಇನ್ನೊಂದು ತುದಿಗೆ ಜಾರುತ್ತಿದ್ದೆ. ಅಷ್ಟರಲ್ಲಿ ಎದುರಿಗೆ ಎಮ್ಮೆಗಳ ಹಿಂಡು ಅಡ್ಡ ಬಂತು. ಲಾರಿಯಣ್ಣ ಬ್ರೇಕ್ ಒತ್ತಿದರು. ನಾನು ಸೀಟಿನಿಂದ ಜಾರಿ, ಮುಂದಿನ ಸೀಟಿಗೂ ಹಿಂದಿನ ಹಲಗೆಗೂ ನಡುವಿನ ಸಂದಿಯಲ್ಲಿ ಮಂಡಿ ಸಿಕ್ಕಿಸಿಕೊಂಡು, ತಲೆ ಅತ್ತೆಯ ಭುಜಕ್ಕೆ ತಾಗಿಸಿ ನಿಂತೆ.

ಅತ್ತೆ ತಿರುಗಿ ನೋಡಿದರು. ಬೈಯುತ್ತಾರೆ ಅಂದುಕೊಂಡರೆ, ನಗುವುದಕ್ಕೆ ಶುರುಮಾಡಿದರು. ಬಾಯಿಗೆ ಸೆರಗು ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನು ಆ ಮನೆಗೆ ಬಂದ ಮೇಲೆ ಅವರು ನಕ್ಕಿದ್ದನ್ನು ನೋಡಿದ್ದು ಅದೇ ಮೊದಲು. ಆಮೇಲೆ ನನ್ನನ್ನು ಮುಂದೆ ಕೂರಿಸಿ, ತಾವೇ ಹಿಂದೆ ಹತ್ತಿ ಕೂತರು. “ಈಗ ಬಿಡಪ್ಪ ಗಾಡಿ, ನಾನೂ ಒಂದೀಟು ನೋಡ್ತೀನಿ.” ಮನೆ ಮುಟ್ಟುವ ಹೊತ್ತಿಗೆ ಅವರ ತೀರ್ಮಾನ ಆಗಿತ್ತು. “ರೆಕ್ಸಿನ್ ಬ್ಯಾಡ. ಬಟ್ಟಿ ಹಾಕ್ರಿ, ಉಗುರಿಗೆ ಹಿಡಿತ ಸಿಗ್ತೈತಿ. ಆ ಸಂದಿ ಮುಚ್ರಿ. ಮುಂದ್ಲು ಅಂಚು ಎತ್ತರ ಇರ್ಲಿ, ತೊಟ್ಲಿನಂಗೆ.”

ಎಲ್ಲ ಬಿಚ್ಚಿ ಮತ್ತೆ ಮಾಡಿದೆವು. ಲಾರಿಯಣ್ಣ ಹಲಗೆಯ ಅಡಿಗೆ ಶಾಖ ತಡೆಯಲು ಗೋಣಿ ನಾಲ್ಕು ಪದರ ಮಡಿಸಿ ಹೊಡೆದರು. ಸಂದಿಗೆ ಸಾಮಿಲ್ಲಿನಿಂದ ತಂದ ಇನ್ನೊಂದು ಹಲಗೆ ಸರಿಯಾಗಿ ಕೂರಿಸಿದರು. ನಾನು ನಾರನ್ನು ಬಿಡಿಸಿ, ಒಣಗಿದ ಬೇವಿನ ಸೊಪ್ಪು ಬೆರೆಸಿ ತುಂಬಿದೆ, ಉಣ್ಣಿ ಹುಳ ಬರಬಾರದೆಂದು. ಮೇಲೆ ದಪ್ಪ ಖಾಕಿ ಬಟ್ಟೆ, ಒಗೆಯಲು ಬಿಚ್ಚುವ ಹಾಗೆ ಗುಂಡಿ ಹಾಕಿದ ಹೊದಿಕೆ. ಕಿಟಕಿಗೆ ಕೋಳಿಗೂಡಿನ ತಂತಿ ಬಲೆ, ಗಾಳಿ ಬರಬೇಕು, ತಲೆ ಹೊರಗೆ ಹೋಗಬಾರದು.

ಕಷ್ಟವಾಗಿದ್ದು ಕಟ್ಟುವ ಪಟ್ಟಿ. ಕೊರಳಿಗೆ ಹಗ್ಗ ಹಾಕಲು ಲಾರಿಯಣ್ಣ ಸುತರಾಂ ಒಪ್ಪಲಿಲ್ಲ. “ಬ್ರೇಕ್ ಹೊಡೆದ್ರೆ ಕತ್ತಿಗೇ ಬೀಳುತ್ತೆ ಪೆಟ್ಟು. ಕೆಂಪಿಗಿಂತ ಮುಂಚೆ ಒಂದು ಇತ್ತು ನನ್ ಹತ್ರ...” ಅನ್ನುತ್ತ ಹಗ್ಗವನ್ನು ಪಕ್ಕಕ್ಕೆ ಎಸೆದರು. ಮಂಚಕ್ಕೆ ಹೆಣೆಯುವ ನವಾರನ್ನು ತಂದು, ಎದೆಯ ಸುತ್ತ ಒಂದು ಸುತ್ತು, ಮುಂಗಾಲಿನ ಹಿಂದೆ ಒಂದು ಸುತ್ತು, ಬೆನ್ನ ಮೇಲೆ ಎರಡನ್ನೂ ಸೇರಿಸಿ ಹೊಲಿದೆ. ಎದೆಗೆ ತಾಗುವ ಕಡೆ ಅತ್ತೆಯ ಹಳೇ ಇಳಕಲ್ ಸೀರೆಯ ತುಂಡಿನ ಒತ್ತು. ಬೆನ್ನಿನ ಪಟ್ಟಿಯಿಂದ ಲಾರಿಯ ಹಿಂಗೋಡೆಗೆ ಹೊಡೆದ ಕಬ್ಬಿಣದ ಬಳೆಗೆ ಒಂದು ಗಿಡ್ಡ ಹಗ್ಗ. ನಾಯಿ ಏಳಬಹುದು, ಮಲಗಬಹುದು, ಆದರೆ ಮುಂದಿನ ಸೀಟಿಗೆ ಬರಲಾಗದು. ಹಗ್ಗಕ್ಕೆ ಯಾವ ಗಂಟು ಹಾಕಬೇಕು ಅನ್ನುವುದನ್ನು ಅತ್ತೆಯೇ ತೋರಿಸಿಕೊಟ್ಟರು. ಅವರ ಊರಲ್ಲಿ ಕರು ಕಟ್ಟುವ ಗಂಟು. ಕರು ಎಷ್ಟು ಜಗ್ಗಿದರೂ ಬಿಚ್ಚದು, ತುದಿ ಹಿಡಿದು ಒಂದು ಸಲ ಎಳೆದರೆ ಬಿಚ್ಚುತ್ತದೆ.

ಸೀಟೇನೋ ಸಿದ್ಧವಾಯಿತು. ಸಿದ್ದ ಹಾರಿ ಹತ್ತಿ ಕೂತ. ಕೆಂಪಿ ಹತ್ತಲಿಲ್ಲ. ಬಿದ್ದ ದಿನದ ಭಯ ಅದಕ್ಕೆ ಹೋಗಿರಲಿಲ್ಲ, ಲಾರಿಯ ಹತ್ತಿರ ಕರೆದರೇ ನಡುಗುತ್ತಿತ್ತು. ಲಾರಿಯಣ್ಣ ಎತ್ತಿ ಒಳಗೆ ಹಾಕಬಹುದಿತ್ತು. ಹಾಕಲಿಲ್ಲ. ಹುಣಸೂರಿನ ಟ್ರಿಪ್ಪು ಬಿಟ್ಟು, ಊರೊಳಗಿನ ಲೋಡು ಮಾತ್ರ ಹಿಡಿದು, ದಿನಾ ಸಂಜೆ ಬೇಗ ಬಂದು, ನಿಂತ ಲಾರಿಯ ಬಾಗಿಲು ತೆಗೆದು, ಆ ಖಾಕಿ ಸೀಟಿನ ಮೇಲೆ ತಾವೇ ಕೂತು ಮುದ್ದೆ ಉಣ್ಣುತ್ತಿದ್ದರು. ಕೆಂಪಿ ಕೆಳಗೆ ನಿಂತು ನೋಡುತ್ತಿತ್ತು. ನಾಲ್ಕು ದಿನ, ಐದು ದಿನ... ಅಡುಗೆ ಮನೆಯ ಕಿಟಕಿಯಿಂದ ನಾನು ನೋಡುತ್ತಿದ್ದೆ, ನನ್ನ ಹಿಂದೆ ಅತ್ತೆಯೂ ನೋಡುತ್ತಿದ್ದರು. ಹತ್ತನೆಯ ದಿನವೋ ಏನೋ, ಕೆಂಪಿ ಮುಂಗಾಲು ಮೆಟ್ಟಿಲ ಮೇಲಿಟ್ಟಿತು. ಅವರು ಅದರ ಕಡೆ ತಿರುಗಿಯೂ ನೋಡದೆ ಉಣ್ಣುತ್ತಲೇ ಇದ್ದರು. ಅದು ಕಷ್ಟಪಟ್ಟು ಹತ್ತಿ, ಅವರ ತೊಡೆಯ ಪಕ್ಕ ಮಲಗಿತು. ಆಗಲೂ ಅವರು ಕದಲಲಿಲ್ಲ. “ಉಣ್ಣೋ ಕೈ ನಿಲ್ಲಿಸ್ಲಿಲ್ಲ ನೋಡು, ಜಾಣ” ಅಂದರು ಅತ್ತೆ, ಮೆಲ್ಲಗೆ.

ಮರುದಿನ ಎಂಜಿನ್ ಚಾಲೂ ಮಾಡಿ ಸುಮ್ಮನೆ ನಿಲ್ಲಿಸಿದರು. ಆಮೇಲೆ ನಾಲ್ಕು ಮನೆ ದೂರ. ಆಮೇಲೆ ಬಸವೇಶ್ವರನಗರದ ತನಕ. ಅದಾದ ಮೇಲೆ ಒಂದು ಬೆಳಿಗ್ಗೆ ಹುಣಸೂರಿಗೆ ಹೊರಟರು. ಬಲೆಯ ಹಿಂದೆ ಎರಡು ಮುಖ. ಸುಮಾರು ಒಂದೂವರೆ ವರ್ಷ ಹಾಗೇ ನಡೆಯಿತು. ಪ್ರತಿ ಸಲ ಬಂದಾಗಲೂ ನಾನು ಹೊದಿಕೆ ಬಿಚ್ಚಿ ಒಗೆಯುತ್ತಿದ್ದೆ, ಸವೆದ ಹೊಲಿಗೆ ನೋಡುತ್ತಿದ್ದೆ. ಹಿತ್ತಲಿಗೆ ಮಾತ್ರ ಅಂತಿದ್ದ ನಾಯಿಗಳು ಯಾವಾಗ ಜಗಲಿಗೆ ಬಂದವೋ ಗೊತ್ತಿಲ್ಲ.

ಒಂದು ಬೆಳಿಗ್ಗೆ ಸಾಮಿಲ್ಲಿನ ಗುಮಾಸ್ತರು ಸೈಕಲ್ಲಿನಲ್ಲಿ ಬಂದರು. ಮೈಸೂರು ರಸ್ತೆಯಲ್ಲಿ, ಕೆಂಗೇರಿಯಿಂದ ಆಚೆ, ಲಾರಿ ಮಗುಚಿದೆ. ಎದುರಿಗೆ ಬಂದ ಎತ್ತಿನ ಗಾಡಿ ತಪ್ಪಿಸಲು ಹೋಗಿ ಹೊಲಕ್ಕೆ ಉರುಳಿದೆ. ಡ್ರೈವರನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಜೀವಕ್ಕೆ ಅಪಾಯವಿಲ್ಲ, ಕಾಲು ಮುರಿದಿದೆ.

“ನಾಯಿಗಳು?” ಅಂದರು ಅತ್ತೆ.

“ಅಲ್ಲೇ ಲಾರಿ ಹತ್ರ ಇದಾವಂತೆ ಅಮ್ಮ. ಯಾರ್ನೂ ಹತ್ರ ಸೇರಿಸ್ತಿಲ್ವಂತೆ.”

ಯಜಮಾನರು ಶಿಫ್ಟಿನಲ್ಲಿದ್ದರು. ಅತ್ತೆಯೂ ನಾನೂ ಬಸ್ಸು ಹಿಡಿದು ಹೋದೆವು. ಲಾರಿ ಹೊಲದಲ್ಲಿ ಮಗ್ಗುಲಾಗಿ ಬಿದ್ದಿತ್ತು, ದಿಮ್ಮಿಗಳು ಚೆಲ್ಲಾಡಿದ್ದವು. ನೆಲದ ತುಂಬ ಡೀಸೆಲ್ಲು. ಹೊಂಗೆ ಮರದ ಕೆಳಗೆ ಕೆಂಪಿ, ಸಿದ್ದ. ನಮ್ಮನ್ನು ನೋಡಿ ಸಿದ್ದ ಓಡಿ ಬಂದ, ಕಿವಿಯ ತುದಿ ಹರಿದಿತ್ತು. ಕೆಂಪಿ ಎದ್ದು ಕುಂಟುತ್ತ ಬಂದು ನನ್ನ ಸೀರೆಗೆ ಮುಖ ಒರೆಸಿತು. ನಾನು ಅದರ ಎದೆ, ಪಕ್ಕೆ, ಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿದೆ. ಎದೆಯ ಕೂದಲಿನಲ್ಲಿ ನವಾರು ಒತ್ತಿದ ಗುರುತು ಬಿಟ್ಟರೆ ಏನೂ ಇರಲಿಲ್ಲ.

ಹೊಲದ ರೈತರು ಹೇಳಿದರು. ಲಾರಿ ಉರುಳಿದಾಗ ನಾಯಿಗಳು ಪಟ್ಟಿಯಲ್ಲಿ ನೇತಾಡುತ್ತಿದ್ದವಂತೆ, ತೊಟ್ಟಿಲಲ್ಲಿ ಮಕ್ಕಳು ನೇತಾಡಿದ ಹಾಗೆ. ಡ್ರೈವರನ ಕಾಲು ಸ್ಟೇರಿಂಗ್ ಕೆಳಗೆ ಸಿಕ್ಕಿತ್ತು. ಜನ ಎಳೆಯಲು ಹೋದರೆ, “ತಡೀರಪ್ಪ” ಅಂದು, ಹಿಂದಕ್ಕೆ ಕೈ ಚಾಚಿ ಒಂದೊಂದೇ ಗಂಟು ಎಳೆದು ಬಿಚ್ಚಿ, ಮೇಲಿನ ಬಾಗಿಲಿಂದ ಎರಡನ್ನೂ ಹೊರಗೆ ದಾಟಿಸಿಕೊಟ್ಟು, ಆಮೇಲೆ ಪ್ರಜ್ಞೆ ತಪ್ಪಿದರಂತೆ. ತಿರುಗಿ ಬರುವಾಗ ತರಕಾರಿ ಟೆಂಪೊದಲ್ಲಿ ಅತ್ತೆ ಸಿದ್ದನನ್ನು ಮಂಡಿಗಳ ನಡುವೆ ಹಿಡಿದುಕೊಂಡು ಕೂತಿದ್ದರು, ಮನೆಯವರೆಗೂ.

ಆಸ್ಪತ್ರೆಗೆ ಹೋದಾಗ ಲಾರಿಯಣ್ಣ ನನ್ನನ್ನು ಕೇಳಿದ್ದು ಒಂದೇ. “ಅವುಗಳ ಎದೆ ಮುಟ್ಟಿ ನೋಡಿದ್ರಾ ಅಮ್ಮಣ್ಣಿ?”

“ನೋಡಿದೆ. ಏನೂ ಆಗಿಲ್ಲ. ಊಟಾನೂ ಮಾಡಿದ್ವು.”

ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಭುಜ ಅಲುಗುತ್ತಿತ್ತು...

ಮಂಡಿ ಮತ್ತೆ ಮಡಿಸಲು ಬರಲಿಲ್ಲ. ಕ್ಲಚ್ ಒತ್ತುವ ಕಾಲು ಅದು. ಲಾರಿಯ ಕೆಲಸ ಅಲ್ಲಿಗೆ ಮುಗಿಯಿತು. ಕೆಂಗೇರಿ ಉಪನಗರದಲ್ಲಿ ಆಗ ಹೊಸದಾಗಿ ಮನೆಗಳು ಏಳುತ್ತಿದ್ದವು. ಅಲ್ಲಿ ಸಿಮೆಂಟು, ಮರ ಕಾಯುವ ಕೆಲಸ ಸಿಕ್ಕಿತು, ಇರಲು ಒಂದು ಶೀಟಿನ ಶೆಡ್ಡು. ನಾಯಿಗಳನ್ನು ಕರೆದುಕೊಂಡು ಹೋದರು. ಪಕ್ಕದ ಮನೆಗೆ ಬೇರೆಯವರು ಬಂದರು. ನಾವು ಎರಡು ಸಲ ಹೋಗಿ ನೋಡಿಕೊಂಡು ಬಂದೆವು. ಅಷ್ಟರಲ್ಲಿ ನನಗೆ ಮಗಳು ಹುಟ್ಟಿದಳು.

ಒಂದು ದಿನ ಲಾರಿಯಣ್ಣ ಬಸ್ಸಿನಲ್ಲಿ ಬಂದರು. ಊರುಗೋಲು, ಇನ್ನೊಂದು ಕೈಯಲ್ಲಿ ಚೀಲದ ತುಂಬ ಅವರೆಕಾಯಿ. ಮಗುವನ್ನು ಎತ್ತಿಕೊಂಡು ಆಡಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು. “ಕೆಂಪಿಗೆ ವಯಸ್ಸಾಯ್ತು ಅಮ್ಮಣ್ಣಿ. ಶೆಡ್ಡಲ್ಲಿ ನೆಲ ತಣ್ಣಗೆ, ಏಳೋವಾಗ ನರಳ್ತಾಳೆ. ಹಳೇ ಗಾದಿ ಲಾರಿ ಜೊತೇಲೇ ಹೋಯ್ತು. ನಿಮಗೆ ಬಿಡುವಾದಾಗ... ಸಣ್ಣದು, ಒಂದು ಹೊಲಿದು ಕೊಡ್ತೀರಾ? ಅವಸರ ಇಲ್ಲ.”

“ಮುಂದಿನ ವಾರವೇ ತರ್ತೀನಿ ಅಣ್ಣ” ಅಂದೆ.

ಮುಂದಿನ ವಾರ ಮಗುವಿಗೆ ಜ್ವರ ಬಂತು. ಆಮೇಲೆ ಯಾರದೋ ಮದುವೆಗೆ ರವಿಕೆಗಳು ಬಂದವು. ಆಮೇಲೆ ಅತ್ತೆಗೆ ಕಾಲು ಊದಿಕೊಂಡಿತು. ನಾರು ತಂದಿಟ್ಟಿದ್ದೆ, ಬಟ್ಟೆ ಕತ್ತರಿಸಿಟ್ಟಿದ್ದೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅತ್ತೆ ಆ ಬಟ್ಟೆಯನ್ನು ತಂದು ನನ್ನ ಮುಂದೆ ಇಟ್ಟು, ಮಗುವನ್ನು ಎತ್ತಿಕೊಂಡು ಹೊರಗೆ ಹೋದರು. ಊಟದ ನಂತರ ಕೂತವಳು ಕಾಫಿಯ ಹೊತ್ತಿಗೆ ಹೊಲಿದು ಮುಗಿಸಿದೆ.

ಮರುದಿನ ಗಾದಿಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಕೆಂಗೇರಿಗೆ ಹೋದೆ. ಶೆಡ್ಡಿಗೆ ಬೇರೆ ಬೀಗ ಇತ್ತು. ಇಟ್ಟಿಗೆ ಹೊರುತ್ತಿದ್ದ ಹೆಂಗಸು ಬುಟ್ಟಿ ಕೆಳಗಿಟ್ಟು ಬಂದಳು. “ತಾತ ಹೋಗಿ ಹದಿನೈದು ದಿನ ಆಯ್ತಲ್ಲಮ್ಮ. ಮೂರು ದಿನ ಜ್ವರ ಅಂತ ಮಲಗಿದ್ದು ಅಷ್ಟೇ. ನಿಮಗೆ ಯಾರೂ ಹೇಳಿಲ್ವಾ?” ನಾಯಿಗಳು ಎಲ್ಲಿ ಅಂದೆ. ಉಲ್ಲಾಳದಿಂದ ಹಾಲು ತರುವ ಅಮ್ಮ ಕರೆದುಕೊಂಡು ಹೋದರು ಅಂದಳು.

ಹೊಲದ ಬದು ಹಿಡಿದು ಉಲ್ಲಾಳಕ್ಕೆ ನಡೆದೆ. ಹಾಲಿನಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಸಿದ್ದನೇ ದೂರದಿಂದ ಓಡಿ ಬಂದ. ಕೊಟ್ಟಿಗೆಯ ಪಕ್ಕ ಕೆಂಪಿ ಮಲಗಿತ್ತು. ಮುಖವೆಲ್ಲ ಬೆಳ್ಳಗಾಗಿತ್ತು. ಬಾಲ ಮಾತ್ರ ಅಲ್ಲಾಡಿಸಿತು, ಏಳಲಿಲ್ಲ. ನಾನು ಗಾದಿ ಬಿಚ್ಚಿ ಅದರ ಪಕ್ಕದಲ್ಲೇ ಹಾಸಿದೆ. ಆಗ ಎದ್ದಿತು, ನರಳಿತು. ಗಾದಿಯನ್ನು ಬಹಳ ಹೊತ್ತು ಮೂಸಿ, ಒಂದು ಸುತ್ತು ಹಾಕಿ, ಮಲಗಿ ಉಸಿರು ಬಿಟ್ಟಿತು.

ಹಾಲಿನಮ್ಮ ನನ್ನನ್ನೇ ನೋಡುತ್ತಿದ್ದವರು ಕೇಳಿದರು. “ಲಾರಿ ಸೀಟು ಹೊಲಿದೋರು ನೀವೇನಾ? ಯಾವಾಗ್ಲೂ ಹೇಳೋರು. ನನಗೆ ಒಬ್ಳು ತಂಗಿ ಇದಾಳೆ ರಾಜಾಜಿನಗರ್ದಲ್ಲಿ, ಅನ್ನೋರು.”

ಅಲ್ಲಿಯತನಕ ತಡೆದುಕೊಂಡಿದ್ದ ಅಳುವನ್ನು ಆಮೇಲೆ ತಡೆಯಲಾಗಲಿಲ್ಲ.

ಅತ್ತೆ ಹೋಗಿ ಈಗ ಎಷ್ಟೋ ವರ್ಷವಾಯಿತು, ಯಜಮಾನರೂ ಇಲ್ಲ. ಲಾರಿಯಣ್ಣನ ನೆನಪಿರುವವರು ಅಂತ ನಾನೊಬ್ಬಳೇ ಉಳಿದಿದ್ದೇನೆ. ಅವರ ಒಂದು ಫೋಟೋ ಇಲ್ಲ. ಅವರ ಊರು ಯಾವುದು ಅಂತಲೂ ನಾನು ಕೇಳಿರಲಿಲ್ಲ. ಮಗಳ ಜೊತೆ ಕೆಂಗೇರಿಗೆ ಹೋದಾಗ ಆ ಶೆಡ್ಡು ಎಲ್ಲಿತ್ತು ಅಂತ ನೋಡುತ್ತೇನೆ, ಮನೆಗಳ ಸಾಲಿನಲ್ಲಿ ಗೊತ್ತಾಗುವುದಿಲ್ಲ. ಮುಖವೂ ಈಗೀಗ ಸರಿಯಾಗಿ ನೆನಪಾಗುತ್ತಿಲ್ಲ... ಜೋರು ಮಾಡಿ ಕೇಳಿದವರ ರವಿಕೆಗಳನ್ನೆಲ್ಲ, ಕೆಂಪಿಯ ಗಾದಿ ಕಾಯುತ್ತಿದ್ದ ಆ ಎರಡು ತಿಂಗಳಲ್ಲಿ ಹೊಲಿದುಕೊಟ್ಟೆ. ಲಾರಿಯಣ್ಣ ಅವಸರ ಇಲ್ಲ ಅಂದಿದ್ದರು, ಅವರದ್ದನ್ನು ಮುಂದಕ್ಕೆ ಹಾಕಿದೆ. ಅದು ಒಂದು ಮಧ್ಯಾಹ್ನದ ಕೆಲಸವಾಗಿತ್ತು.